ಎರಡು ಬಾಯಿಯ ಕೇಬಲ್ಲು

ಸಿ ಡ್ರೈವ್ ಕೆಂಪಗಾಗಿ ಮೂರು ತಿಂಗಳಾಯಿತು.
ಒಂದು ಲಗ್ನಪತ್ರಿಕೆ ಒಳಗೆ ಬರಬೇಕೆಂದರೆ
ಹಳೆಯದೊಂದು ನಾಮಕರಣ ಇಳಿದುಕೊಳ್ಳಬೇಕು,
ಸಂಜೆಯ ಆಲೂರು ಬಸ್ಸಿನ ಸೀಟಿನ ಹಾಗೆ.

ಚೀಟಿ ದುಡ್ಡು ಬಂದ ಬುಧವಾರ
ಪೆನ್ಷನ್ ಮೊಹಲ್ಲಾದಿಂದ ಬಿ.ಎಂ. ರಸ್ತೆಗೆ ನಡೆದೇ ಹೋದೆ,
ಆಟೊದ ನಲವತ್ತು ರೂಪಾಯಿಯನ್ನೂ
ಹಾರ್ಡ್‌ಡಿಸ್ಕಿನ ಲೆಕ್ಕಕ್ಕೆ ಸೇರಿಸಿ.

ಯಾವ ಕಂಪ್ಯೂಟರ್ರು ಮೇಡಂ? ಕೇಳಿದ ಅಂಗಡಿಯ ಮುದಸ್ಸಿರ್.
ಹೇಳಿದೆ.
ಎಕ್ಸ್‌ರೇ ನೋಡುವ ಡಾಕ್ಟರರ ಹಾಗೆ ನನ್ನ ಮುಖ ನೋಡಿದ.
ಅದಿನ್ನೂ ಆನ್ ಆಗುತ್ತಾ?
ಆಗುತ್ತಪ್ಪ. ಎರಡು ಸಲ ತಲೆಗೆ ತಟ್ಟಬೇಕು, ಅಷ್ಟೆ.

ನಾಲ್ಕು ಟಿಬಿಯದು ತೋರಿಸಿ, ತಾನೇ ಒಳಗಿಟ್ಟ:
ನಿಮ್ಮದಕ್ಕೆ ಎರಡರಿಂದಾಚೆ ಮಗ್ಗಿ ಬರಲ್ಲ.
ಒಂದು ಟಿಬಿ ತೆಗೆದ. ನಾಲ್ಕು ಸಾವಿರದ ಮುನ್ನೂರು.
ಅಂಗೈಯಗಲ, ಕೊಬ್ಬರಿಮಿಠಾಯಿ ದಪ್ಪ.
ಇದರ ಬಾಯಿ ನೀಲಿ, ನಿಮ್ಮದರ ತೂತು ಕಪ್ಪು,
ಕೂರುತ್ತೆ, ಆದರೆ ನಿಧಾನ.
ನಿಧಾನ ನನಗೇನು ಹೊಸದಲ್ಲ ಎಂದೆ.
ಏನೋ ನೆನಪಾಗಿ ಡಬ್ಬ ಕೆದಕಿ
ಕವಲೊಡೆದ ಕೇಬಲ್ಲೊಂದನ್ನು ಮೇಲಿಟ್ಟ.
ಹಳೇದಲ್ವಾ, ಒಂದು ತೂತಿನ ಕರೆಂಟು ಸಾಲಲ್ಲ,
ಎರಡು ಕಡೆ ಚುಚ್ಚಿ.
ಅದಕ್ಕೆ ದುಡ್ಡು ಬೇಡವೆಂದ. ನಮ್ಮ ಆಪಾ ಮದುವೆ ಕಾರ್ಡು
ನೀವೇ ಅಲ್ವಾ ಮಾಡಿದ್ದು?
ಉರ್ದು ಸಾಲು ಹಿಂದುಮುಂದಾಗಿ ಬಿದ್ದಿತ್ತು,
ಅಬ್ಬಾ ಇನ್ನೂ ನಗ್ತಾರೆ.

ರಾತ್ರಿ ಪಾತ್ರೆ ತೊಳೆದಿಟ್ಟು
ಮೇಜಿನಡಿ ಮೊಣಕಾಲೂರಿ, ಟಾರ್ಚು ಹಲ್ಲಲ್ಲಿ ಕಚ್ಚಿ
ಎರಡೂ ಬಾಯಿ ಸೇರಿಸಿದೆ.
ಹದಿನಾರು ವರ್ಷದ ಧೂಳಿನಲ್ಲಿ
ಸಣ್ಣ ಬಿಳಿ ದೀಪವೊಂದು ಕಣ್ಣು ಬಿಟ್ಟಿತು.

ಉಳಿದಿರುವ ಸಮಯ ಹನ್ನೆರಡು ನಿಮಿಷ ಎಂದಿತು ಪರದೆ.
ಆಮೇಲೆ ಒಂಬತ್ತು ಗಂಟೆ.
ಆಮೇಲೆ ನಲವತ್ತು ಸೆಕೆಂಡು.
ನಮ್ಮ ಬೀದಿಗೆ ನೀರು ಬಿಡುವವನ ಮಾತೂ ಹೀಗೇ.

ಕಾಗದ ಹಾರಿ ಹಾರಿ ಆಚೆಯ ಫೋಲ್ಡರಿಗೆ ಬೀಳುತ್ತ
ಹೆಸರುಗಳು ಹಾದುಹೋದವು:
ದ್ಯಾವಮ್ಮ ಹನ್ನೊಂದನೇ ದಿನ.
ಕೋಮಲಾ ವೆಡ್ಸ್ ಪರಶಿವಮೂರ್ತಿ.
ಕೋಮಲಾ ವೆಡ್ಸ್ ಪರಶಿವಮೂರ್ತಿ ಹೊಸತು.
ಕೋಮಲಾ ವೆಡ್ಸ್ ಪರಶಿವಮೂರ್ತಿ ಹೊಸತು ಫೈನಲ್.
ಕೋಮಲಾ ವೆಡ್ಸ್ ಚಂದ್ರಮೌಳಿ.

ಯಾಕೆಂದು ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.
ಛತ್ರ ಅದೇ, ಮುಹೂರ್ತ ಅದೇ,
ಉಡುಗೊರೆಗಿಂತ ಆಶೀರ್ವಾದವೇ ಮಿಗಿಲು ಅದೇ.
ಹೆಸರೊಂದನ್ನು ಅಳಿಸಿ ಕೂರಿಸಲು ಐದು ನಿಮಿಷ.
ಅದಕ್ಕೂ ಐವತ್ತು ರೂಪಾಯಿ ತೆಗೆದುಕೊಂಡಿದ್ದೆ.

ಕೋಳಿ ಕೂಗುವ ಹೊತ್ತಿಗೆ ಮುಗಿಯಿತು.
ಪಕ್ಕದ ಮನೆಯ ಚಾರ್ವಿ ಕಾಲೇಜಿಗೆ ಹೊರಡುವ ಮೊದಲು
ಅವಳ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದರೆ
ದ್ಯಾವಮ್ಮ ಇರಲಿಲ್ಲ.
ಆಕೆಯ ಜಾಗದಲ್ಲಿ ಟೊಪ್ಪಿ ಹಾಕಿದ ಎ,
ಬಾಲ ಬೆಳೆದ ಸಿ, ನಡುವೆ ಡಾಲರು,
ಕೈಲಾಸ ಇರಬೇಕಾದಲ್ಲಿ ತಲೆಕೆಳಗಾದ ಪ್ರಶ್ನೆಚಿಹ್ನೆ.
ಅಯ್ಯೋ ಆಂಟಿ, ವೈರಸ್ಸು!
ವೈರಸ್ಸಲ್ಲ ಕಣೇ, ಕನ್ನಡ.
ಹಳೇ ಫಾಂಟಿನದು. ಅದು ಜೊತೆಗಿದ್ದರಷ್ಟೇ ಬಾಯಿ ಬಿಡುತ್ತೆ.

ಮತ್ತೆ ಮನೆ, ಮತ್ತೆ ಮೇಜಿನಡಿ, ಮತ್ತೆ ಟಾರ್ಚು.
ಫಾಂಟುಗಳನ್ನೂ ಎತ್ತಿ ಹಾಕಿದೆ.
ಎರಡೇ ಎಂಬಿ.
ಅಷ್ಟೂ ಮದುವೆ, ಅಷ್ಟೂ ತಿಥಿಯ ಬೀಗದಕೈ
ಒಂದು ಫೋಟೊದಷ್ಟೂ ಭಾರವಿಲ್ಲ.

ಇನ್ನು ಸಿ ಡ್ರೈವ್ ಖಾಲಿ ಮಾಡಬಹುದಿತ್ತು.
ಕೈ ಬರಲಿಲ್ಲ. ಕೆಂಪು ಹಾಗೇ ಇತ್ತು,
ಹತ್ತು ಗಂಟೆಗೆ ಕಟ್ಟಿನಕೆರೆ ಮಾರ್ಕೆಟ್ಟಿನ
ಆಲೂಗಡ್ಡೆ ಮಂಡಿಯ ಪುಟ್ಟಲಿಂಗಯ್ಯ
ಗೃಹಪ್ರವೇಶದ ಚೀಟಿ ಹಿಡಿದು ಗೇಟು ತಟ್ಟುವವರೆಗೆ.

ಜಾಗ ಸಾಲದು ಎಂದಿತು ಯಂತ್ರ.
ಕೂತ್ಕೊಳಿ ಅಣ್ಣ, ಎರಡು ನಿಮಿಷ ಎಂದೆ.
ಖಾತ್ರಿಯಾ ಎಂದು ಕೇಳಿತು.
ಫೈನಲ್ ಎಂದಿದ್ದನ್ನು ಅಳಿಸಿದೆ.
ಹೊಸತು ಎಂದಿದ್ದನ್ನು ಉಳಿಸಿಕೊಂಡೆ.