ಸೊನ್ನೆಯನೆಯ ಮೀನು

ಕ್ಲಾಕ್ಸ್‌ವೀಕ್ ಬಂದರಿನಲ್ಲಿ, ಐಸು ಗೋದಾಮಿನ ಮೇಲಿನ ಕೋಣೆಯಲ್ಲಿ
ಮೂರು ವಾರದಿಂದ ಸುನ್ವಾ ಒಬ್ಬ ಬಾಡಿಗೆದಾರನನ್ನು ಹುಡುಕುತ್ತಿದ್ದಾಳೆ,
ತಾನೇ ಕಟ್ಟಿದ ಮನೆಯೊಳಗೆ ಇಟ್ಟುಕೊಳ್ಳಲು.

ಮನೆಯೆಂದರೆ ಸಿ ಭಾಷೆಯ ತಂತ್ರಾಂಶ.
ಕೆಳಗೆ ಪಟ್ಟಿಯ ಮೇಲೆ ಜಾರಿ ಬರುವ ಮೀನನ್ನು
ಕ್ಯಾಮೆರಾ ನೋಡುತ್ತದೆ, ತಕ್ಕಡಿ ತೂಗುತ್ತದೆ,
ಹದಿನಾಲ್ಕು ತೊಟ್ಟಿಗಳಲ್ಲಿ ಒಂದಕ್ಕೆ
ಉಕ್ಕಿನ ಕೈ ಫಟ್ಟೆಂದು ತಳ್ಳುತ್ತದೆ.
ಯಾವ ಮೀನು ಯಾವ ತೊಟ್ಟಿಗೆ,
ಅದು ಮಾತ್ರ ದಿನಕ್ಕೊಂದು ಥರ.
ಸೋಮವಾರ ಪೋರ್ಚುಗಲ್ಲಿನವರಿಗೆ ದೊಡ್ಡದೇ ಬೇಕು,
ಬುಧವಾರ ದೊಡ್ಡದು ಯಾರಿಗೆ ಬೇಕು ಅನ್ನುತ್ತಾರೆ.
ಪ್ರತಿ ಸಲ ಸುನ್ವಾಳೇ ಎದ್ದು, ಸಾಲು ತಿದ್ದಿ, ಕಂಪೈಲ್ ಮಾಡಿ,
ಗಂಬೂಟು ಏರಿಸಿ ಕೆಳಗಿಳಿಯಬೇಕು.

ಸಾಕು.
ನಿಯಮ ಬಲ್ಲವರೇ ನಿಯಮ ಬರೆಯಲಿ.
ಯಂತ್ರದೊಳಗೊಂದು ನಾಲಗೆ ಬೇಕು, ಪುಟ್ಟದು,
ಬಾಯಿಗಿಂತ ದೊಡ್ಡದಾಗದ ನಾಲಗೆ.

ಮೊದಲು ಬಂದದ್ದು ಪೈಥಾನ್.
ಸಜ್ಜನ, ಎಲ್ಲರಿಗೂ ಗೊತ್ತಿರುವವನು,
ಆದರೆ ಒಬ್ಬನನ್ನು ಕರೆದರೆ ದಿಬ್ಬಣವೇ ಇಳಿದ ಹಾಗೆ:
ಹಾಸಿಗೆ, ಪೆಟ್ಟಿಗೆ, ಹೆಸರೇ ಕೇಳದ ದಾಯಾದಿಗಳು.
ಗೋಡೆಗೆ ತಗುಲಿಸಿದ ಪುಟ್ಟ ಡಬ್ಬಿಯಲ್ಲಿ
ಕಾಲು ಚಾಚಲು ಜಾಗವಿಲ್ಲ.
ಜಾವಾಸ್ಕ್ರಿಪ್ಟಿನ ಕಿರಿಯದೊಂದು ಎಂಜಿನ್ ತಂದಳು.
ತಕ್ಕಡಿಯಿಂದ ಅಕ್ಷರವಾಗಿ ಬಂದ ಎರಡು ಕಿಲೋಗೆ
ಮೂರು ಕೂಡಿಸಿ ಇಪ್ಪತ್ತಮೂರು ಅಂದಿತು,
ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

'ನಾವೇ ಒಂದು ಭಾಷೆ ಮಾಡೋಣ' ಅಂದ ಹೆರ್ಗೇರ್,
ರಾತ್ರಿ ಹನ್ನೊಂದಕ್ಕೆ, ನಾಲ್ಕನೆಯ ಕಾಫಿಯ ಧೈರ್ಯದಲ್ಲಿ.
'ಹೆರೋದು ಸರಿ' ಅಂದಳು. 'ಸಾಕೋರು ಯಾರು?'

ಉಳಿದದ್ದು ಲುವಾ. ಪೋರ್ಚುಗೀಸಿನಲ್ಲಿ ಹಾಗೆಂದರೆ ಚಂದ್ರ.
ಇನ್ನೂರು ಚಿಲ್ಲರೆ ಕಿಲೋಬೈಟು, ಕೈಚೀಲ ಹಿಡಿದು ಬಂದುಬಿಡುತ್ತದೆ.
ಕೊಟ್ಟ ಕೋಣೆಯಲ್ಲಿರುತ್ತದೆ.
ಕಡತಗಳ ಕೋಣೆಯ ಬೀಗದ ಕೈ ಕೊಡದಿದ್ದರೆ
ಆ ಬಾಗಿಲು ಇದೆಯೆಂದೇ ಅದಕ್ಕೆ ಗೊತ್ತಿಲ್ಲ.
ಆದರೆ ಒಂದು ಚಟ: ಒಂದರಿಂದ ಎಣಿಸುತ್ತದೆ.
ಸುನ್ವಾಳ ಬೆರಳು ಇಪ್ಪತ್ತು ವರ್ಷ ಸೊನ್ನೆಯಿಂದ ಎಣಿಸಿದ್ದು.
ಹಲ್ಲಿನ ಸಂದಿಯ ಮುಳ್ಳಿನ ಹಾಗೆ
ನಾಲಗೆ ಅಲ್ಲಿಗೇ ಹೋಗುತ್ತಿತ್ತು, ಎರಡು ದಿನ.

ಮೂರನೆಯ ದಿನ ಮರ್ಯೂನ್ ಹತ್ತಿ ಬಂದಳು,
ತೋಳಿನ ಮೇಲೆ ಹೊರಪೆ ಮಿನುಗುತ್ತ.
ಮೂವತ್ತೊಂದು ವರ್ಷ ಕೈಯಲ್ಲೇ ಮೀನು ಬೇರೆ ಮಾಡಿದವಳು,
ಇನ್ನು ನಿಯಮ ಬರೆಯಬೇಕಾದವಳು.
ಪರದೆಗೆ ಮೂಗು ತಾಗಿಸಿ ಕೇಳಿದಳು:
'ತೊಟ್ಟಿ ಸೊನ್ನೆ ಅಂತ ಇದೆಯಲ್ಲ, ಎಲ್ಲಿದೆ ಅದು?'

ಇಬ್ಬರೂ ಕಿಟಕಿಯಿಂದ ಬಗ್ಗಿದರು.
ಒಂದರಿಂದ ಹದಿನಾಲ್ಕು, ಬಿಳಿ ಅಂಕಿಗಳು,
ಮರ್ಯೂನಳೇ ಬಳಿದದ್ದು, ಏಳು ಸ್ವಲ್ಪ ಸೊಟ್ಟ.
'ಸೊನ್ನೆಯನೆಯ ಮೀನನ್ನ ನಾನಿನ್ನೂ ಮುಟ್ಟಿಲ್ಲಮ್ಮ.'

ನಮ್ಮ ಕಣಗಳಲ್ಲಿ ರಾಶಿ ಅಳೆಯುವವರು
ಒಂದು ಎನ್ನುತ್ತಿರಲಿಲ್ಲ. ಲಾಭ ಎನ್ನುತ್ತಿದ್ದರು. ಆಮೇಲೆ ಎರಡು.
ಇವಳಿಗೆ ಅದನ್ನು ಹೇಳಬೇಕಿತ್ತು ನಾನು,
ಆದರೆ ಕವಿತೆಯೊಳಗೆ ಹೊಕ್ಕು ಮಾತಾಡುವ ಅನುಮತಿ
ನನಗೂ ಯಾರೂ ಕೊಟ್ಟಿಲ್ಲ.

ಎರಡು ಬೆರಳಲ್ಲಿ ಕುಟ್ಟಿ ಮರ್ಯೂನ್ ಬರೆದ ಮೊದಲ ನಿಯಮ:
ಮುಂದಿನ ತೊಟ್ಟಿ ಖಾಲಿಯಾಗುವವರೆಗೂ ನೋಡುತ್ತಿರು.
ತೊಟ್ಟಿ ಯಾಕೆ ಖಾಲಿಯಾದೀತು? ಅದು ನೋಡಿತು, ನೋಡಿತು,
ಸುನ್ವಾ ಉಸಿರು ಬಿಗಿಹಿಡಿದಳು.
ಹತ್ತು ಸಾವಿರ ಹೆಜ್ಜೆ ತುಂಬಿದ್ದೇ ತಡ
ಅವಳೇ ಇಟ್ಟ ಕಾವಲು ಅದರ ಕೈ ಹಿಡಿದು ಹೊರಗೆ ತಂದಿತು.
ಪಟ್ಟಿ ನಿಲ್ಲಲಿಲ್ಲ.
ಒಂದು ಕಾಡ್ ಮೀನು ಮಾತ್ರ ಯಾರ ಲೆಕ್ಕಕ್ಕೂ ಸಿಗದೆ
ಕೊನೆಯವರೆಗೂ ಹೋಗಿ ದೊಪ್ಪೆಂದು ನೆಲಕ್ಕೆ ಬಿತ್ತು.

ಮರ್ಯೂನ್ ಇಳಿದು ಹೋಗಿ ಕಿವಿರಿಗೆ ಬೆರಳು ಹಾಕಿ
ಕಿಟಕಿಯತ್ತ ಎತ್ತಿ ಹಿಡಿದಳು:
'ಸಿಕ್ತು ನೋಡು, ನಿನ್ನ ಸೊನ್ನೆ!'

ಸೋಮವಾರ ಪೋರ್ಚುಗಲ್ಲಿನವರು ಮತ್ತೆ ಮನಸ್ಸು ಬದಲಿಸಿದರು.
ಸುನ್ವಾಳ ಗಂಬೂಟು
ಸಂಜೆಯವರೆಗೂ ಒಣಗಿಯೇ ಇತ್ತು.