ಹನ್ನೆರಡು ಬಿಳಿ ಚಡ್ಡಿಗಳು

ಪೇಟೆಗಿದ್ದ ಒಂದೇ ಅಂಗಡಿಯಲ್ಲಿ ಒಂದು ಡಜನ್ ಚಡ್ಡಿ ಕೊಂಡೆ.
ಅಪ್ಪಟ ಹತ್ತಿ, ಬೆಳ್ಳಗೆ, ಸೊಂಟಕ್ಕೆ ಎಲಾಸ್ಟಿಕ್.
ಗಲ್ಲಾಪೆಟ್ಟಿಗೆಯ ಹೆಂಗಸು ಕನ್ನಡಕದ ಮೇಲಿಂದ ನೋಡಿದಳು:
"ಮಕ್ಕಳಿಗಾ?"
"ಮಣ್ಣಿಗೆ," ಅಂದೆ.
ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೊಟ್ಟಳು.

ಸಸ್ಕಾಚೆವಾನಿನಲ್ಲಿ ಮೇ ತಿಂಗಳೆಂದರೆ
ಹಿಮ ಹೋಗಿಯೂ ಹೋಗದ ಹಾಗೆ;
ಬೇಲಿಯ ನೆರಳಲ್ಲಿ ಇನ್ನೂ ಒಂದಿಷ್ಟು ಕೊಳಕು ಬಿಳುಪು.
ನಾಲ್ಕನೇ ಕ್ಲಾಸಿನಲ್ಲಿ ಹತ್ತು ಮಕ್ಕಳು.
ಹಲಗೆಯ ಮೇಲೆ "ಚಡ್ಡಿ" ಎಂದು ಬರೆದದ್ದೇ ತಡ,
ಆವತ್ತಿನ ಗಣಿತ ಮುಗಿದುಹೋಯಿತು.

ನಗು ತಣಿದ ಮೇಲೆ ಹೇಳಿದೆ:
ಮಣ್ಣಿಗೆ ಬಾಯಿದೆ.
ಒಂದು ಚಮಚದಲ್ಲಿ ಲೆಕ್ಕಕ್ಕೆ ಸಿಗದಷ್ಟು ಬಾಯಿ.
ಹಸಿದಿವೆಯೋ, ಸತ್ತಿವೆಯೋ, ಕೇಳಿದರೆ ಹೇಳುವುದಿಲ್ಲ;
ಉಣ್ಣಲು ಕೊಟ್ಟು ನೋಡಬೇಕು.
ಗೇಣುದ್ದ ಅಗೆಯಿರಿ, ಹೂಳಿರಿ, ಬಾವುಟ ನೆಡಿ.
ಎಂಟು ವಾರ ಮುಟ್ಟಬೇಡಿ.

ರೇವನ್ ಬೇರ್ಡಿ ತನ್ನದನ್ನು ಹೂತದ್ದು
ಅಜ್ಜಿಯ ಕಾಡುಚೆರ್ರಿ ಪೊದೆಯ ಬುಡಕ್ಕೆ.
ಮರಿಸೋಲ್‌ಗೆ ಹೊಲವಿಲ್ಲ. ಅವಳಮ್ಮ ಕೋಣೆ ಗುಡಿಸುವ
ಮೋಟೆಲಿನ ಹೂಪಾತಿಗೆ, ಫಲಕದ ಕೆಳಗೆ, ರಾತ್ರಿ ಹೊತ್ತು.
ಆರ್ಲೊ ಬೊಯ್ಕೊ ಅವರಪ್ಪನ ಕನೋಲಾ ಹೊಲಕ್ಕೆ.
ಬಾಗಿಲು ದಾಟಿದರೆ ಬಾನಿನವರೆಗೂ ಅವರದೇ.
"ನಮ್ಮದು ಪೂರ್ತಿ ತಿಂದಿರುತ್ತೆ ನೋಡಿ," ಅಂದಿದ್ದ,
"ನಮ್ಮದು ದೊಡ್ಡ ಮಣ್ಣು."

ಜೂನ್ ಕೊನೆಗೆ, ಹಳೇ ಪತ್ರಿಕೆ ಹಾಸಿದ ಮೇಜಿನ ಮೇಲೆ
ರೇವನಳದು: ಎಲಾಸ್ಟಿಕ್ಕಿನ ಒಂದು ಬಳೆ,
ಅದಕ್ಕೆ ಜೋತುಬಿದ್ದ ನಾಲ್ಕು ದಾರ,
ದಾರಕ್ಕೆ ಜೋತುಬಿದ್ದ ಒಂದು ಹುಳು.
ಮರಿಸೋಲಳದು ಜರಡಿ.
ಕಿಟಕಿಗೆ ಹಿಡಿದಳು; ಅವಳ ಮುಖದ ತುಂಬ ಚುಕ್ಕಿಚುಕ್ಕಿ ಬಿಸಿಲು.
ಶಾಲೆಯ ಹುಲ್ಲಂಗಳದಲ್ಲಿ ನಾನೇ ಹೂತದ್ದನ್ನು
ಒಗೆದು ತೊಡಬಹುದಿತ್ತು.

ಆರ್ಲೊ ಕೊನೆಗೆ ಬಂದ. ಚೀಲ ಬಿಚ್ಚಲು ಹೊತ್ತು ಮಾಡಿದ.
ತುಂಬ ತೂತು! ತೊರೆಯಂಚಿನ ಕೆಸರು ಮೆತ್ತಿ ಇನ್ನೂ ಹಸಿ.
ಎಲ್ಲರೂ ಚಪ್ಪಾಳೆ ತಟ್ಟಿದರು.
ಭೂತಗನ್ನಡಿ ಹಿಡಿದೆ.
ಮಣ್ಣು ತಿಂದ ಅಂಚು ನನಗೆ ಗೊತ್ತು:
ತೊದಲುತೊದಲಾಗಿ, ನಾರುನಾರಾಗಿ,
ಎಲ್ಲಿ ಮುಗಿಯಿತೆಂದು ಬಟ್ಟೆಗೇ ತಿಳಿಯದ ಹಾಗೆ.
ಇಲ್ಲಿ ಅಂಚು ನೇರ.
ಒಂದು ಕಡೆ ಮಾತ್ರ ಕೈ ನಡುಗಿ ಹಲ್ಲುಹಲ್ಲು.
ತಲೆಯೆತ್ತಿದೆ. ಅವನ ಕಿವಿ ಬೀಟ್‌ರೂಟ್.

ಏನೇನೋ ಹೇಳಬಹುದಿತ್ತು.
ಪ್ರಾಮಾಣಿಕತೆ ಅಂತ ಗೋಡೆಯ ಮೇಲೆ ಭಿತ್ತಿಪತ್ರವೇ ಇದೆ,
ನಾನೇ ಅಂಟಿಸಿದ್ದು, ಒಂದು ಮೂಲೆ ಎದ್ದಿದೆ.
ತಕ್ಕಡಿಗೆ ಹಾಕಿದೆ. ಪಟ್ಟಿಯಲ್ಲಿ ಬರೆದೆ:
ಬೊಯ್ಕೊ, ಮೂವತ್ತೊಂದು ಗ್ರಾಂ, ಕೆಸರು ಸೇರಿ.
ತೂಕವಂತೂ ಸುಳ್ಳಲ್ಲ.

ಊಟದ ಗಂಟೆಗೆ ಎಲ್ಲ ಓಡಿದರು.
ಅವನು ಮೇಜಿನ ಬಳಿಯೇ ನಿಂತು
ರೇವನಳ ಬಳೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ.
"ಇವಳಜ್ಜಿ ಅಲ್ಲಿಗೆ ಏನು ಹಾಕ್ತಾರೆ?"
"ಎಲೆ. ಮೀನಿನ ತಲೆ. ಕೆಲವು ವರ್ಷ ಏನೂ ಇಲ್ಲ."
"ನಮ್ಮಪ್ಪ ತುಂಬ ಹಾಕ್ತಾರೆ," ಅಂದ,
"ಟ್ಯಾಂಕರ್‌ಗಟ್ಟಲೆ."
ಆಮೇಲೆ ಕಿಟಕಿಯಾಚೆ ನೋಡಿದ.
ಹೂಬಿಡಲು ಇನ್ನೊಂದು ವಾರ; ದೂರದವರೆಗೂ ಬರೀ ಹಸಿರು,
ಯಾವ ದೂರೂ ಇಲ್ಲದ ಹಸಿರು.

"ಇನ್ನೊಂದು ಇದೆಯಾ, ಟೀಚರ್?"

ಹನ್ನೆರಡನೆಯದು ಕಪಾಟಿನಲ್ಲಿತ್ತು, ಮಡಿಕೆ ಬಿಚ್ಚದೆ.
ಎಲ್ಲಿ ಹೂಳುತ್ತೀ ಎಂದು ನಾನು ಕೇಳಲಿಲ್ಲ.
"ಅದೇ ಜಾಗ," ಅಂದ,
ಅಂಗಿಯೊಳಗೆ ತುರುಕಿಕೊಂಡು ಹೊರಟ.
ಬಾಗಿಲಲ್ಲಿ ನಿಂತ. ತಿರುಗಲಿಲ್ಲ.
"ಕತ್ತರಿ ಅಮ್ಮಂದು," ಅಂದ.
"ಅವರಿಗೆ ಗೊತ್ತಿಲ್ಲ."