ಆರನೆಯ ಬಾಟಲಿ

ಬ್ಲಫ್ ಬಂದರಿನಲ್ಲಿ ಜುಲೈ ಅಂದರೆ ನಡುಚಳಿಗಾಲ.
ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಮೊದಲ ಬೀರು,
ಇಪ್ಪತ್ತಮೂರು ಲೀಟರು,
ಕಂಬಳಿ ಹೊದ್ದು ಕೂತಿದೆ
ಜ್ವರ ಬಿಟ್ಟ ಮಗುವಿನ ಹಾಗೆ.
ಗುಳುಕ್ ಗುಳುಕ್ ನಿಂತು ಮೂರು ದಿನ.
ಇನ್ನು ತುಂಬಬೇಕು. ಯಾತರೊಳಗೆ?

ಬೇಲಿಯಾಚೆ ಮರ್ಡೊನ ಶೆಡ್ಡು. ಅಲ್ಲೊಂದು ಹಳೇ ಫ್ರಿಜ್ಜು,
ಒಳಗೆ ಮೊಣಕಾಲೆತ್ತರದ ಉಕ್ಕಿನ ಕೆಗ್ಗು,
ಬಗಲಿಗೆ ಗ್ಯಾಸಿನ ಸಿಲಿಂಡರು,
ಬಾಗಿಲನ್ನೇ ಕೊರೆದು ಕೂರಿಸಿದ ನಲ್ಲಿ.
“ಒಂದೇ ಪಾತ್ರೆ ತೊಳಿ, ಒಂದೇ ಸಲ ತುಂಬು,
ವಾರದೊಳಗೆ ಕುಡಿ” ಅಂದ.
ನಲ್ಲಿ ಎಳೆದ. ಮುಕ್ಕಾಲು ಲೋಟ ನೊರೆ.
ಏಳು ವರ್ಷವಾದರೂ ಪಳಗಿಲ್ಲ ಮುಂಡೇದು
ಅಂತ ನಲ್ಲಿಗೇ ಬೈದ.

ನಾನು ಲೆಕ್ಕ ಹಾಕಿದೆ.
ಕೆಗ್ಗು, ಕೊಳವೆ, ಒತ್ತಡದ ಗಡಿಯಾರ:
ಸಿಂಪಿ ಬಿಡಿಸುವ ಶೆಡ್ಡಿನ ಎರಡು ವಾರದ ಕೂಲಿ.
ಬಾಟಲಿಯಾದರೆ ಪುಕ್ಕಟೆ.
ಮರ್ಡೊನೇ ತಂದಿಳಿಸಿದ, ನಾಲ್ಕು ಡಜನ್ನು,
ಜೊತೆಗೆ ಎರಡು ಹಿಡಿಯ ಮುಚ್ಚಳ ಒತ್ತುವ ಯಂತ್ರ.
“ನಿನಗೆ ಬೇಡವಾ?” ಅಂದೆ.
ಕೈಯೆರಡನ್ನೂ ಜೇಬಿಗೆ ಇಳಿಸಿದ.

ತೊಳೆದೆ. ಒಂದರ ತಳದಲ್ಲಿ ಒಣಗಿದ ಬಸವನಹುಳ.
ಮತ್ತೆ ತೊಳೆದೆ.
ಬಾಟಲಿಗೊಂದು ಚಮಚ ಸಕ್ಕರೆ,
ನಡುವೆ ಬಾಗಿಲು ಬಡಿದರು,
ಎಣಿಕೆ ತಪ್ಪಿತು,
ಯಾವುದಕ್ಕೋ ಎರಡು ಬಿತ್ತು.
ಬೆಚ್ಚಗಿರಲಿ ಅಂತ ಬಟ್ಟೆಯ ಬೀರುವಿನಲ್ಲಿಟ್ಟೆ.
ಬೀರುವಿನೊಳಗೆ ಬೀರು!
ನಗುತ್ತ ಮಲಗಿದೆ.
ನಾಲ್ಕನೇ ರಾತ್ರಿ ಢಬ್ ಅಂತು.
ನನ್ನ ಒಂದೇ ಒಂದು ಉಣ್ಣೆಕೋಟು
ಮಾಲ್ಟಿನಲ್ಲಿ ಮಿಂದಿತ್ತು.
ಶೆಡ್ಡಿನಲ್ಲಿ ಎಲ್ಲರೂ ನನ್ನ ಪಕ್ಕ ನಿಂತು
ಉದ್ದಕ್ಕೆ ಉಸಿರೆಳೆದುಕೊಂಡರು.

ಭಾನುವಾರ ಮರ್ಡೊ ಬಂದ.
ಬಕೆಟ್ಟಿನ ಐಸಿನಲ್ಲಿ ಆರು ಬಾಟಲಿ,
ಕೆಗ್ಗಿನಿಂದ ಬಸಿದದ್ದು, ಬಾಯಿಗೆ ಬೆಳ್ಳಿಕಾಗದ.
“ನೆಟ್ಟಾ, ಮುಚ್ಚಳ ಒತ್ತಿಕೊಡು.”
ಆಗ ಕಂಡೆ ಬೆರಳು:
ಶುಂಠಿಯ ಗೆಣ್ಣಿನ ಹಾಗೆ
ಒಂದೊಂದು ಒಂದೊಂದು ದಿಕ್ಕಿಗೆ.
ಹಿಡಿ ಎರಡೂ ಒಟ್ಟಿಗೆ ಬಗ್ಗಬೇಕಲ್ಲ,
ಅದಕ್ಕೇ ಏಳು ವರ್ಷದ ಕೆಗ್ಗು.

ಅಕ್ಕ ಐಲ್ಸಾಗಂತೆ. ಜಲಸಂಧಿಯಾಚೆ ಸ್ಟೂಅರ್ಟ್ ದ್ವೀಪದಲ್ಲಿ.
ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತದೆ,
ಈ ದಡಕ್ಕೆ ಬರುವವಳಲ್ಲ.
“ಕೆಗ್ಗು ಕಳಿಸೋಣ ಅಂದರೆ
ಫ್ರಿಜ್ಜು, ಗ್ಯಾಸು, ನಲ್ಲಿ,
ಸಂಸಾರವನ್ನೆಲ್ಲ ಕಟ್ಟಿಕೊಂಡೇ ಹೊರಡುತ್ತೆ ಅದು.
ಬಾಟಲಿ ಒಂಟಿ. ಎಲ್ಲಿಗಾದರೂ ಹೋದೀತು.”

ಐದು ಒತ್ತಿದೆ. ಟಕ್. ಟಕ್.
ಆರನೆಯದು ತಾನೇ ಒತ್ತುತ್ತೇನೆ ಅಂದ.
ನಾನು ಕಿಟಕಿಯಾಚೆ ನೋಡಿದೆ,
ಫೆರಿ ಹಗ್ಗ ಬಿಗಿದು ನಿಂತಿತ್ತು, ಸಮುದ್ರ ಬೂದಿಬಣ್ಣ.
ಉಸಿರು ಬಿಗಿ ಹಿಡಿದ ಸದ್ದು, ಆಮೇಲೆ ಏನೂ ಇಲ್ಲ.
ಮುಚ್ಚಳ ಓರೆ. ಅಂಚಿನಿಂದ ನೊರೆ ಒಸರುತ್ತಿತ್ತು.
“ಇದು ಪ್ರಯಾಣಕ್ಕಾಗದು” ಅಂದ, “ಲೋಟ ತಾ.”

ಕುಡಿದೆವು. ಚೆನ್ನಾಗಿತ್ತು,
ನನ್ನದು ಹೀಗಾಗುವುದಿಲ್ಲ ಅನ್ನುವಷ್ಟು ಚೆನ್ನಾಗಿತ್ತು.

ಪೆಟ್ಟಿಗೆಯಲ್ಲಿ ಒಂದು ಗೂಡು ಖಾಲಿ.
ಬೀರು ತೆಗೆದು, ಕೋಟು ಸರಿಸಿ,
ನನ್ನದೊಂದನ್ನು ತಂದಿಟ್ಟೆ. ಕೊರಳಿಗೆ ಚೀಟಿ:
ಆಗಸ್ಟ್ ಎಂಟರ ತನಕ ತೆರೆಯಬೇಡಿ,
ಇದಿನ್ನೂ ಆಗುತ್ತಿದೆ.

ಫೆರಿ ಹೊರಟ ಮೇಲೆ ನೆನಪಾಯಿತು, ಎರಡು ಚಮಚ.
ಸಿಡಿದದ್ದು ಅದೇ ಇರಬೇಕು.
ಅದೇ ಇರಬೇಕು.